ಲಿಬೋರಿಯೋನ ತೋಳು ಹಿಡಿದ ಹೆಂಗಸು

ರೋಮಿನಲ್ಲಿ ಸುಳ್ಳು ಹೇಳುವವರಿಗೆ ಬರವಿಲ್ಲ. ಆದರೆ ಬೇರೆಯವರ ಸುಳ್ಳನ್ನು ಒದ್ದೆ ಕಾಗದದ ಮೇಲೆ ಒತ್ತಿ, ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಗರಿಗರಿಯಾಗಿ ಮಾರಾಟಕ್ಕೆ ಕಳಿಸುವವರು ನಾವು ಕೆಲವೇ ಜನ. ನನ್ನ ಹೆಸರು ತಿಬುರ್ಸಿಯೋ. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವವನು ಫುಲ್ಜೆನ್ಸಿಯೋ. ಅವನು ಕೊರೆದ ಗೆರೆಗಳಿಗೆ ಮಸಿ ತುಂಬಿ, ಒರೆಸಿ, ಯಂತ್ರದ ಚಕ್ರ ತಿರುಗಿಸುವವನು ನಾನು. ಅವನ ಹೆಸರು ಚಿತ್ರದ ಕೆಳಗೆ ಬೀಳುತ್ತದೆ, ಮಸಿ ನನ್ನ ಉಗುರಿನ ಕೆಳಗೆ ಬೀಳುತ್ತದೆ. ಇದರಲ್ಲಿ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲವೆಂದು ಮೂವತ್ತು ವರ್ಷದಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೇನೆ.

ಗುಡ್ಡದ ಮೇಲೆ ಮಾರ್ಕೆಸೆ ದೊರೆಗಳ ತೋಟವಿದೆಯಲ್ಲ, ಅದರ ಕಾವಲುಗಾರ ಲಿಬೋರಿಯೋ. ವಯಸ್ಸು ನಲವತ್ತಾರು, ಮದುವೆಯಾಗಿಲ್ಲ, ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ವಾಸ. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಅವನ ಟೋಪಿ ಕೂರುತ್ತಿತ್ತು. ತೋಟದ ನಡುವೆ, ಸೈಪ್ರೆಸ್ ಮರಗಳ ಸಾಲು ಮುಗಿಯುವಲ್ಲಿ, ಫ್ಲೋರಾ ದೇವಿ ನಿಂತಿದ್ದಾಳೆ. ಪುರಾತನರ ಕಾಲದ ಹೂವಿನ ದೇವತೆ, ಅಮೃತಶಿಲೆಯವಳು, ಒಂದೂವರೆ ಆಳೆತ್ತರ. ನೆಲದಿಂದ ಅಗೆದು ತೆಗೆದಾಗ ಮೂಗಿರಲಿಲ್ಲವಾದ್ದರಿಂದ ಹೊಸ ಮೂಗು ಇಡಿಸಿದ್ದಾರೆ. ಪರದೇಶದ ಸಾಹೇಬರು ಅವಳನ್ನು ನೋಡಲೆಂದೇ ಗುಡ್ಡ ಹತ್ತುತ್ತಾರೆ. ಲಿಬೋರಿಯೋ ಅವರ ಬೆನ್ನಿಗೆ ಬಿದ್ದು ಮೂಗಿನ ಕಥೆ ಹೇಳುತ್ತಾನೆ. ಅವರು ದೇವಿಯನ್ನು ನೋಡುತ್ತಾರೆ, ಕಾರಂಜಿ ನೋಡುತ್ತಾರೆ, ಮೂತ್ರಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳುತ್ತಾರೆ, ಹೋಗುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಲಿಬೋರಿಯೋನ ಮುಖ ನೋಡಿರಲಿಲ್ಲ. ರಾತ್ರಿಯೂಟಕ್ಕೆ ಎದುರಿಗೆ ಯಾರಾದರೂ ಕೂತರೆ ಸಾಕು, ಮೂಕರಾದರೂ ಪರವಾಗಿಲ್ಲ ಎಂದು ಅವನು ನನ್ನ ಹತ್ತಿರವೇ ಎಷ್ಟೋ ಸಲ ಹೇಳಿದ್ದಾನೆ. ಅಂಥ ಮನುಷ್ಯನಿಗೆ ಚಿತ್ರದಲ್ಲಿ ಕಾಣಿಸಿಕೊಳ್ಳುವ ಆಸೆ ಹುಟ್ಟಿತು. ಅಲ್ಲಿಂದ ಎಲ್ಲ ಕೆಟ್ಟಿತು.

ಅಕ್ಟೋಬರಿನಲ್ಲಿ ಫುಲ್ಜೆನ್ಸಿಯೋ ದೇವಿಯ ಚಿತ್ರ ಬರೆಯಲು ಹೋದ. ಇಂಥ ಚಿತ್ರಗಳಲ್ಲಿ ವಿಗ್ರಹದ ಪಕ್ಕ ಒಬ್ಬ ಚಿಕ್ಕ ಮನುಷ್ಯನನ್ನು ನಿಲ್ಲಿಸುವುದು ವಾಡಿಕೆ. ದೇವಿ ಎಷ್ಟು ಎತ್ತರ ಎಂದು ಕೊಳ್ಳುವವರಿಗೆ ತಿಳಿಯಬೇಕಲ್ಲ. ಲಿಬೋರಿಯೋ ಮೊದಲ ದಿನ ಒಂದು ಬುಟ್ಟಿ ಅಂಜೂರ ತಂದಿಟ್ಟ. ಎರಡನೆಯ ದಿನ ವೈನು. ಮೂರನೆಯ ದಿನ ತೀರಿಹೋದ ತಂದೆಯ ಕೋಟು ತೊಟ್ಟುಕೊಂಡು ಬಂದು ದೇವಿಯ ಪಕ್ಕದಲ್ಲಿ ಸುಮ್ಮನೆ ನಿಂತ.

"ಏನಪ್ಪಾ ಅದು, ಬಿಸಿಲಲ್ಲಿ ಕೋಟು?" ಎಂದು ಫುಲ್ಜೆನ್ಸಿಯೋ ಕೇಳಿದ.

"ಏನಿಲ್ಲ ಸ್ವಾಮಿ. ಯಾರನ್ನಾದ್ರೂ ನಿಲ್ಲಿಸ್ಬೇಕಲ್ಲ, ಯಾರೂ ಸಿಗ್ಲಿಲ್ಲ ಅಂದ್ರೆ ನಾನಿದೀನಿ ಅಂತ."

"ನಿನ್ನನ್ನ ಪಕ್ಕ ನಿಲ್ಲಿಸಿದ್ರೆ ದೇವಿ ಕಳೆ ಹೋಗತ್ತಲ್ಲೋ."

"ಅವಳಿಗೆ ಮೂಗೇ ಬೇರೆಯವರದು ಸ್ವಾಮಿ. ಕಳೆ ವಿಷಯ ಅವಳೇನೂ ಮಾತಾಡಲ್ಲ."

ಫುಲ್ಜೆನ್ಸಿಯೋ ನಕ್ಕು, ದೊಡ್ಡ ಮನುಷ್ಯರು ನಿಲ್ಲುವ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲು ಎಂದ. ಲಿಬೋರಿಯೋ ನಾಲ್ಕು ದಿನ ಹಾಗೆ ನಿಂತ. ಐದನೆಯ ದಿನ ಚಿತ್ರಗಾರ ಬಾರದಿದ್ದರೂ ಬೆಳಿಗ್ಗೆಯೆಲ್ಲ ನಿಂತಿದ್ದನಂತೆ. ಅಭ್ಯಾಸ ತಪ್ಪಬಾರದು ನೋಡಿ.

ಇನ್ನು ಹೆಂಗಸಿನ ಜನನದ ವೃತ್ತಾಂತ. ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀಚಿ, ಆಮ್ಲದಲ್ಲಿ ಮುಳುಗಿಸಿದರೆ ಗೀಚಿದ ಕಡೆಯೆಲ್ಲ ತಾಮ್ರ ತಿನ್ನಿಸಿಕೊಳ್ಳುತ್ತದೆ. ಮೇಣ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಬೇಡದ ಕಡೆಯೂ ತಿನ್ನಿಸಿಕೊಳ್ಳುತ್ತದೆ. ಫುಲ್ಜೆನ್ಸಿಯೋ ಆಮ್ಲ ಹಾಕಿ ಊಟಕ್ಕೆ ಹೋದವನು ನಿದ್ದೆ ಮಾಡಿದ. ಎದ್ದು ನೋಡಿದರೆ ಲಿಬೋರಿಯೋನ ಚಿತ್ರದ ಪಕ್ಕದಲ್ಲೇ ಅವನಷ್ಟೇ ಎತ್ತರದ ಕರಿ ಕಲೆ. ತಗಡು ಬಿಸಾಡುವ ಹಾಗಿಲ್ಲ, ಕೆರೆದು ಮಟ್ಟ ಮಾಡಲು ವೇಳೆಯಿಲ್ಲ, ದೊರೆಗಳಿಗೆ ಕ್ರಿಸ್ಮಸ್ ಒಳಗೆ ಕೊಡಬೇಕು. ಎರಡು ದಿನ ಬಿಟ್ಟು ಮೊದಲ ಪ್ರತಿ ಒತ್ತಿ ನೋಡಿದರೆ ಕಲೆ ಇದ್ದ ಕಡೆ ಒಬ್ಬಳು ಹೆಂಗಸು ನಿಂತಿದ್ದಾಳೆ. ತುಂಬಿದ ಲಂಗ, ತಲೆಯ ಮೇಲೆ ಸೆರಗು, ಲಿಬೋರಿಯೋನ ತೋಳಿನೊಳಗೆ ಕೈ ತೂರಿಸಿ ಅವನ ಮುಖವನ್ನೇ ನೋಡುತ್ತಿದ್ದಾಳೆ.

"ಯಾರಿದು?" ಎಂದೆ.

"ಗಾಯ ಆದ್ರೆ ಬಟ್ಟೆ ಸುತ್ತಲ್ವೇನಯ್ಯಾ? ನಾನು ಲಂಗ ಸುತ್ತಿದೀನಿ. ನೀನು ಚಕ್ರ ತಿರುಗಿಸು."

ನಾನು ಚಕ್ರ ತಿರುಗಿಸಿದೆ. ಚಿತ್ರ ಅಪ್ಪಣೆಗಾಗಿ ಮೇಲಕ್ಕೆ, ಪೋಪರ ಅರಮನೆಗೆ ಹೋಯಿತು. ಮೇಲಿನವರು ದೇವಿಯ ಎದೆಯ ಮೇಲೆ ಬಟ್ಟೆ ಸಾಕಷ್ಟು ಇದೆಯೇ ಎಂಬುದನ್ನು ಬಹಳ ಹೊತ್ತು ಪರೀಕ್ಷಿಸಿ ಅಪ್ಪಣೆ ಕೊಟ್ಟರು. ಕೆಳಗೆ ಎಲ್ಲ ಚಿತ್ರಗಳಲ್ಲೂ ಇರುವ ಎರಡು ಮಾತು ಇಲ್ಲೂ ಬಂದವು: "ಕಣ್ಣಾರೆ ಕಂಡು ಬರೆದದ್ದು. ಮೇಲಿನವರ ಅಪ್ಪಣೆಯಿಂದ."

ಈ ಎರಡನೆಯ ಮಾತು ನಮ್ಮ ಕೇರಿಯಲ್ಲಿ ಮಾಡುವ ಕೆಲಸವನ್ನು ಹೊರಗಿನವರು ಊಹಿಸಲಾರರು. ರೋಮಿನಲ್ಲಿ ಒಂದು ಪಂಚಾಂಗ ಒತ್ತಬೇಕಾದರೂ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕಿದೆ ಎಂದರೆ ಯಾರೋ ದೊಡ್ಡವರು, ಪಾಪಭೀರುಗಳು, ಕನ್ನಡಕ ಹಾಕಿಕೊಂಡು ನೋಡಿದ್ದಾರೆ ಎಂದೇ ಅರ್ಥ. ಅವರು ನೋಡಿದ ಮೇಲೂ ಅಲ್ಲೊಬ್ಬಳು ಹೆಂಗಸು ಉಳಿದಿದ್ದಾಳೆ ಎಂದರೆ ಅವಳು ಇರಲೇಬೇಕು.

ಗುಡ್ಡದ ಬುಡದಲ್ಲಿ ಮೇಯೋನ ವೈನಂಗಡಿ. ಜನವರಿಯಲ್ಲಿ ಒಂದು ಪ್ರತಿ ತಂದು ಅವನು ಗೋಡೆಗೆ ಅಂಟಿಸಿದ. ಆ ಸಂಜೆ ನಾನು ಅಲ್ಲೇ ಇದ್ದೆ. ಜನ ಮೊದಲು ದೇವಿಯನ್ನು ನೋಡಿದರು, ಅರ್ಧ ನಿಮಿಷ. ಆಮೇಲೆ ಯಾರೋ ಒಬ್ಬರು, "ಏ, ಇವನು ನಮ್ಮ ತೋಟದ ಲಿಬೋರಿಯೋ ಅಲ್ವಾ?" ಎಂದರು. ಅಲ್ಲಿಂದ ಮುಂದೆ ದೇವಿಯನ್ನು ಕೇಳುವವರೇ ಇಲ್ಲ.

"ಪಕ್ಕದಲ್ಲಿ ಯಾರು?"

"ಹಿಡಿದಿರೋದು ನೋಡು ತೋಳು. ಬಿಟ್ರೆ ಓಡಿ ಹೋಗ್ತಾನೆ ಅನ್ನೋ ಹಾಗೆ."

"ಕಳ್ಳ. ಹತ್ತೊಂಬತ್ತು ವರ್ಷದಿಂದ ಮೂಗಿನ ಕಥೆ ಹೇಳ್ಕೊಂಡು ತಿರುಗ್ತಿದ್ದ, ಇದೊಂದು ಕಥೆ ಹೇಳ್ಲಿಲ್ಲ."

ಅಷ್ಟರಲ್ಲಿ ಲಿಬೋರಿಯೋನೇ ಬಂದ. ಎಂದಿನಂತೆ ಬಾಗಿಲ ಬಳಿ ನಿಂತು ಒಂದು ಲೋಟ ಕುಡಿದು ಹೋಗುವ ಉದ್ದೇಶ. ಅಂಗಡಿಗೆ ಅಂಗಡಿಯೇ ಎದ್ದು ನಿಂತಿತು. ಅವನು ಹಿಂದೆ ತಿರುಗಿ, ಯಾರು ಬಂದರೆಂದು ನೋಡಿದ. ಹಿಂದೆ ಯಾರೂ ಇರಲಿಲ್ಲ. ಮೇಯೋ ಅವನ ಭುಜ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದ. ಲಿಬೋರಿಯೋ ಮೊದಲು ತನ್ನ ಕೋಟು ನೋಡಿ ಸಂತೋಷಪಟ್ಟ. ಆಮೇಲೆ ಹೆಂಗಸನ್ನು ನೋಡಿದ. ಅವನ ಬಾಯಿ ತೆರೆದುಕೊಂಡಿತು.

"ಇವಳು..." ಎಂದ.

"ಹೂಂ, ಇವಳು?" ಎಂದು ಮೇಯೋ ಒಂದು ಕುರ್ಚಿ ಎಳೆದು, ತನ್ನ ಸೊಂಟದ ಬಟ್ಟೆಯಿಂದ ಅದನ್ನು ಒರೆಸಿ, "ಕೂತ್ಕೊಂಡು ಹೇಳಪ್ಪಾ, ನಿಂತ್ಕೊಂಡು ಹೇಳೋ ವಿಷಯವಾ ಇದು?" ಎಂದ.

ಆ ಕುರ್ಚಿಯೇ ಕೆಲಸ ಕೆಡಿಸಿತು. ಆ ಅಂಗಡಿಯಲ್ಲಿ ಲಿಬೋರಿಯೋಗೆ ಯಾರೂ ಕುರ್ಚಿ ಎಳೆದಿರಲಿಲ್ಲ. ಅವನು ಕೂತ. ಸುತ್ತ ಹದಿನಾಲ್ಕು ಮುಖ, ಹದಿನಾಲ್ಕೂ ತನ್ನ ಕಡೆಗೇ. ಆ ಕ್ಷಣದಲ್ಲಿ ನೀವಾಗಿದ್ದರೂ ನಿಜ ಹೇಳುತ್ತಿರಲಿಲ್ಲ.

"ಈಗ ಎಲ್ಲಿದಾಳೆ?"

"ಊರಿಗೆ ಹೋಗಿದಾಳೆ," ಎಂದ ಲಿಬೋರಿಯೋ.

"ಯಾವೂರು?"

ಅವನಿಗೆ ರೋಮನ್ನು ಬಿಟ್ಟರೆ ಗೊತ್ತಿದ್ದ ಊರು ಒಂದೇ. "ವೆಲ್ಲೆತ್ರಿ," ಎಂದ. ಅವನ ಸ್ವಂತ ಅಕ್ಕ ಅಲ್ಲೇ ಇರುವುದು ಆ ಹೊತ್ತಿಗೆ ಅವನ ನೆನಪಿಗೆ ಬರಲಿಲ್ಲ.

ಮುಂದಿನ ಮೂರು ವಾರ ಲಿಬೋರಿಯೋಗೆ ಸ್ವರ್ಗ. ರೊಟ್ಟಿ ಸುಡುವವನ ಹೆಂಡತಿ ಅವನನ್ನು ಊಟಕ್ಕೆ ಕರೆದು, "ಅವಳ ಹೆಸರೇನಪ್ಪಾ?" ಎಂದಾಗ "ಕ್ಲೇಲಿಯಾ" ಎಂದ. ಚಮ್ಮಾರನ ಮನೆಯಲ್ಲಿ ಕೇಳಿದಾಗ ಹಿಂದಿನದು ಮರೆತು "ಫ್ಲಾಮಿನಿಯಾ" ಎಂದ. ಮೇಯೋನ ಅತ್ತೆಗೆ "ಲಿವಿಯಾ" ಎಂದ. ಸಿಕ್ಕಿಬಿದ್ದ ಎಂದುಕೊಂಡೆ ನಾನು. ಮೂವರು ಹೆಂಗಸರು ಬಾವಿಕಟ್ಟೆಯಲ್ಲಿ ಸೇರಿ ವಿಷಯ ತಾಳೆ ಹಾಕಿದರು. ಕ್ಲೇಲಿಯಾ ಫ್ಲಾಮಿನಿಯಾ ಲಿವಿಯಾ. ಬಡವರ ಮನೆಯಲ್ಲಿ ಮಗುವಿಗೆ ಒಂದು ಹೆಸರಿಡುವುದೇ ಕಷ್ಟ. ಮೂರು ಹೆಸರಿದೆ ಎಂದರೆ ದೊಡ್ಡ ಮನೆತನದ ಹೆಣ್ಣೇ ಸರಿ, ಅದಕ್ಕೇ ಗುಟ್ಟಾಗಿ ಇಟ್ಟಿದ್ದಾನೆ ಎಂದು ತೀರ್ಪಾಯಿತು. ಮರುದಿನದಿಂದ ಅವನಿಗೆ ಬಹುವಚನ.

ಲಿಬೋರಿಯೋ ಮಾತಾಡಿದ, ಮಾತಾಡಿದ. ಅವಳಿಗೆ ಬೆಳ್ಳುಳ್ಳಿ ಆಗುವುದಿಲ್ಲ. ಅವಳು ಮೂಗಿನ ಕಥೆಯನ್ನು ಎಷ್ಟು ಸಲ ಹೇಳಿದರೂ ಕೇಳುತ್ತಾಳೆ. ಅವಳಿಗೆ ಪಾದ ಬೇಗ ತಣ್ಣಗಾಗುತ್ತದೆ. ಈ ಕೊನೆಯದನ್ನು ಹೇಳುವಾಗ ಅವನ ಧ್ವನಿ ಎಷ್ಟು ಮೆತ್ತಗಾಯಿತೆಂದರೆ, ಅವಳನ್ನು ಕಲೆಯಾಗಿದ್ದಾಗಿನಿಂದ ಬಲ್ಲ ನನಗೂ, ಪಾಪ, ಒಂದು ಜೊತೆ ಕಾಲುಚೀಲ ಕೊಡಿಸಬಾರದೇ ಎನ್ನಿಸಿತು.

ಇದೆಲ್ಲದರ ನಡುವೆ ಒಬ್ಬಳು ಮಾತ್ರ ಏನೂ ಕೇಳಲಿಲ್ಲ. ಅವಳು ಓರ್ಸೋಲಾ. ಗಂಡ ಸತ್ತು ಏಳು ವರ್ಷ. ಬಟ್ಟೆ ಒಗೆದು ಜೀವನ ಮಾಡುವವಳು, ದೊರೆಗಳ ಮನೆಯ ಹಾಸು ಹೊದಿಕೆಗೆಂದು ಪ್ರತಿ ಗುರುವಾರ ಗುಡ್ಡ ಹತ್ತುವವಳು. ಕ್ರಿಸ್ಮಸ್‌ಗೆ ಮುಂಚೆ ಅವಳು ನನ್ನ ಅಂಗಡಿಗೆ ಬಂದು, ಮಸಿ ಒರೆಸುವ ಬಟ್ಟೆಗಳನ್ನು ಎಣಿಸುತ್ತಾ, ಬೇರೆ ಏನೋ ಮಾತಾಡುವವಳ ಹಾಗೆ, "ಆ ತೋಟದ ಲಿಬೋರಿಯೋ ಅವರು ಕುಡೀತಾರಾ ಅಣ್ಣ?" ಎಂದು ಕೇಳಿದ್ದಳು. ಒಂದು ಲೋಟ, ಅದೂ ನಿಂತುಕೊಂಡು ಎಂದೆ. "ಕೈ ಮಾಡೋ ಸ್ವಭಾವ ಇದೆಯಾ?" ಎಂದಳು. ನೊಣ ಓಡಿಸುವಾಗ ಕ್ಷಮೆ ಕೇಳುತ್ತಾನೆ ಎಂದೆ. ಅವಳು ತಲೆಯಾಡಿಸಿ ಹೋದಳು. ವಿಧವೆಯೊಬ್ಬಳು ಇವೆರಡು ಪ್ರಶ್ನೆ ಕೇಳಿದಳು ಎಂದರೆ ಮೂರನೆಯದು ಏನೆಂದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವನು ಲಿಬೋರಿಯೋ ಒಬ್ಬನೇ. ಹಬ್ಬ ಕಳೆದ ಮೇಲೆ ಅವನಿಗೆ ಹೇಳಿದರಾಯಿತು ಎಂದು ನಾನು ಸುಮ್ಮನಿದ್ದೆ. ಹಬ್ಬ ಕಳೆಯುವಷ್ಟರಲ್ಲಿ ಚಿತ್ರ ಬಂದಿತ್ತು.

ಅವಳು ಮತ್ತೆ ಬಂದಳು. ಹಗ್ಗದ ಮೇಲೆ ಆ ಚಿತ್ರದ ಇಪ್ಪತ್ತು ಪ್ರತಿ ಒಣಗುತ್ತಿತ್ತು. ಒಂದರ ಮುಂದೆ ನಿಂತಳು.

"ಇದು ನಿಜವಾ ಅಣ್ಣ?"

ಫುಲ್ಜೆನ್ಸಿಯೋ ಪಕ್ಕದ ಕೋಣೆಯಲ್ಲಿದ್ದ. ಅಪ್ಪಣೆ ಪಡೆದ ಚಿತ್ರದಲ್ಲಿ ಆಮ್ಲದ ಕಲೆಯನ್ನು ಹೆಂಗಸು ಮಾಡಿ ಮಾರಿದೆವು ಎಂದು ಊರಿಗೆ ಗೊತ್ತಾದರೆ ಅಂಗಡಿ ಮುಚ್ಚಬೇಕು. ಅದು ಒಂದು ಕಾರಣ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ: ಆ ಮೂರು ವಾರ ನನಗೆ ಬಹಳ ಮಜವಾಗಿತ್ತು.

"ಕೆಳಗೆ ಬರೆದಿದೆಯಲ್ಲಮ್ಮ," ಎಂದೆ.

"ನಂಗೆ ಓದಕ್ಕೆ ಬರಲ್ಲ. ನೀವೇ ಓದಿ."

ನಾನು ಓದಿದೆ. ಕಣ್ಣಾರೆ ಕಂಡು ಬರೆದದ್ದು. ಮೇಲಿನವರ ಅಪ್ಪಣೆಯಿಂದ.

"ಹಾಗಾದ್ರೆ ಸರಿ," ಎಂದಳು ಓರ್ಸೋಲಾ. ಬಟ್ಟೆ ಎಣಿಸುವುದನ್ನು ಮರೆತು ಹೋದಳು.

ಕಾರ್ನಿವಲ್ ಹಬ್ಬದ ಗದ್ದಲದ ನಡುವೆ, ವೆಲ್ಲೆತ್ರಿಯಿಂದ ಬಂದ ಕತ್ತೆಗಾಡಿಯಿಂದ ಲಿಬೋರಿಯೋನ ಅಕ್ಕ ದೊಮಿತಿಲ್ಲಾ ಇಳಿದಳು. ಒಂದು ಕೈಯಲ್ಲಿ ಕೋಳಿ, ಇನ್ನೊಂದು ಕೈಯಲ್ಲಿ ಜಪಮಾಲೆ. ಎರಡನ್ನೂ ಒಂದೇ ಥರ ಬಿಗಿಯಾಗಿ ಹಿಡಿದಿದ್ದಳು. ಮೇಯೋನ ಅಂಗಡಿಯಿಂದ ಗುಡ್ಡದ ಮೇಲಕ್ಕೆ ಅವಳ ಹಿಂದೆ ಅರ್ಧ ಕೇರಿ ಹೋಯಿತು. ನಾನೂ ಹೋದೆ. ಹೊಸ ಪ್ರತಿ ಕೊಡಬೇಕಿತ್ತು ಎಂದು ನೆಪ.

"ಲಿಬೋರಿಯೋ," ಎಂದಳು. "ಮದುವೆ ಆದೆ. ನಂಗೆ ಹೇಳ್ಲಿಲ್ಲ. ಅದು ಹೋಗ್ಲಿ. ದೊಡ್ಡ ಮನೆ ಹೆಣ್ಣಂತೆ. ಅದೂ ಹೋಗ್ಲಿ. ನಮ್ಮೂರಿಗೆ ಬಂದು ಒಂದು ತಿಂಗಳಾಯ್ತಂತೆ, ನಮ್ಮನೆ ಬಾಗಿಲು ತುಳಿದಿಲ್ಲ ಅವಳು. ನಾನೇನು ಸತ್ತಿದೀನಾ?"

"ಅಕ್ಕ, ಅದು ಏನಾಯ್ತು ಅಂದ್ರೆ..."

"ಊರಲ್ಲಿರೋದೇ ಮುನ್ನೂರು ಮನೆ. ಎಲ್ಲಾ ಮನೆಗೂ ಹೋಗಿ ಕೇಳಿದೀನಿ. ಕ್ಲೇಲಿಯಾ ಇಲ್ಲ, ಫ್ಲಾಮಿನಿಯಾ ಇಲ್ಲ, ಲಿವಿಯಾ ಅಂತ ಒಬ್ಳಿದಾಳೆ, ಅವಳಿಗೆ ಎಂಬತ್ತು ವರ್ಷ. ಅವಳಾ?"

"ಅವಳಲ್ಲ ಅಕ್ಕ."

"ಮತ್ಯಾರ ಮನೇಲಿ ಇಳ್ಕೊಂಡಿದಾಳೆ? ಅದನ್ನ ಹೇಳು. ನಮ್ಮನೆಗಿಂತ ಯಾರ ಮನೆ ಹೆಚ್ಚು ಅವಳಿಗೆ?"

ಹೆಂಗಸು ಇದ್ದಾಳೆಯೇ ಇಲ್ಲವೇ ಎಂಬ ಪ್ರಶ್ನೆ ದೊಮಿತಿಲ್ಲಾಳ ತಲೆಗೆ ಬರಲೇ ಇಲ್ಲ. ತನ್ನ ಮನೆಗೆ ಬರಲಿಲ್ಲ ಎಂಬುದೇ ಅವಳು ಇರುವುದಕ್ಕೆ ಪುರಾವೆ. ಇಲ್ಲದವಳು ಅವಮಾನ ಹೇಗೆ ಮಾಡಿಯಾಳು? ತಮ್ಮನ ಹೆಂಡತಿ ಬಂದು ಕ್ಷಮೆ ಕೇಳುವ ತನಕ ಕದಲುವುದಿಲ್ಲ ಎಂದು ಅವಳು ಎರಡನೆಯ ಕುರ್ಚಿಯಿಂದ ಟೋಪಿ ತೆಗೆದು ಅಲ್ಲಿ ಕೂತಳು. ಲಿಬೋರಿಯೋಗೆ ಕೊನೆಗೂ ಊಟಕ್ಕೆ ಎದುರಿಗೆ ಜನ ಸಿಕ್ಕಿತು. ಅವನು ಆಸೆಪಟ್ಟಿದ್ದಂಥ ಮೂಕರು ಮಾತ್ರ ಸಿಗಲಿಲ್ಲ.

ಕಾರ್ನಿವಲ್ ಮುಗಿದು ಉಪವಾಸದ ದಿನಗಳು ಬಂದವು. ಈಸ್ಟರಿಗೆ ಮುಂಚೆ ನಮ್ಮ ಪಾದ್ರಿಗಳು ದಪ್ಪ ಪುಸ್ತಕ ಹಿಡಿದು ಮನೆಮನೆಗೂ ಬರುತ್ತಾರೆ. ಯಾವ ಮನೆಯಲ್ಲಿ ಎಷ್ಟು ಆತ್ಮ, ಯಾರು ಯಾರಿಗೆ ಏನಾಗಬೇಕು, ಎಲ್ಲ ಬರೆದುಕೊಳ್ಳುತ್ತಾರೆ. ನಮ್ಮ ದೋನ್ ಪ್ಲಾಚಿದೋ ಮುಪ್ಪಿನವರು, ಒಳ್ಳೆಯವರು, ಆದರೆ ಆ ಪುಸ್ತಕದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದು ಆತ್ಮ ಲೆಕ್ಕ ತಪ್ಪಿದರೆ ಮೇಲೆ ಹೋದಾಗ ತಾವೇ ಉತ್ತರ ಹೇಳಬೇಕು ಎಂದು ಅವರ ನಂಬಿಕೆ. ಮೇಯೋನ ಅಂಗಡಿಯ ಗೋಡೆ ನೋಡಿದಾಗಿನಿಂದ ಅವರಿಗೆ ನಿದ್ದೆ ಇರಲಿಲ್ಲವಂತೆ. ಗುರುವಾರ ಬೆಳಿಗ್ಗೆ ತೋಟಕ್ಕೆ ಹೊರಟಾಗ ನನ್ನನ್ನೂ ಫುಲ್ಜೆನ್ಸಿಯೋನನ್ನೂ ಸಾಕ್ಷಿಗೆಂದು ಕರೆಸಿಕೊಂಡರು. ಸಾಕ್ಷಿ ಕೇಳುವವರೆಲ್ಲ ಕರೆಯದೆಯೇ ಬಂದರು.

ದೇವಿಯ ಮುಂದೆ ಮೇಜು ಹಾಕಿ, ಪುಸ್ತಕ ಬಿಚ್ಚಿದರು. ಇಡೀ ಕೇರಿ ಸುತ್ತ ನಿಂತಿತ್ತು. ದೊಮಿತಿಲ್ಲಾ ಮುಂದಿನ ಸಾಲಿನಲ್ಲಿ. ಹಾಸುಬಟ್ಟೆಯ ಬುಟ್ಟಿ ಹಿಡಿದು ಓರ್ಸೋಲಾ ಹಿಂದಿನ ಸಾಲಿನಲ್ಲಿ, ಅವತ್ತು ಗುರುವಾರವಲ್ಲವೇ.

"ನೋಡಪ್ಪಾ ಲಿಬೋರಿಯೋ," ಎಂದರು ಪಾದ್ರಿಗಳು. "ಹೋದ ವರ್ಷದ ಪುಸ್ತಕದಲ್ಲಿ ಈ ಮನೆಗೆ ಒಂದು ಆತ್ಮ. ಚಿತ್ರದಲ್ಲಿ ಎರಡು. ಮದುವೆ ಪುಸ್ತಕದಲ್ಲಿ ನಿನ್ನ ಹೆಸರಿಲ್ಲ. ಹೆಂಡತಿ ಆದ್ರೆ ಯಾವ ಚರ್ಚಲ್ಲಿ ಮದುವೆ ಆಯ್ತು ಹೇಳು. ಹೆಂಡತಿ ಅಲ್ಲ ಅಂದ್ರೆ ಇಬ್ಬರ ಹೆಸರನ್ನೂ ಚರ್ಚಿನ ಬಾಗಿಲಿಗೆ ಅಂಟಿಸ್ಬೇಕಾಗತ್ತೆ. ಆಮೇಲೆ ಸಿಪಾಯಿಗಳು ಬರ್ತಾರೆ. ನಂಗೆ ಅದು ಇಷ್ಟ ಇಲ್ಲ, ಮಗ."

ಲಿಬೋರಿಯೋ ನನ್ನ ಕಡೆ ನೋಡಿದ. ನಾನು ದೇವಿಯ ಮೂಗು ನೋಡಿದೆ.

ಆಗ ಫುಲ್ಜೆನ್ಸಿಯೋಗೆ ಎಲ್ಲಿಂದಲೋ ಒಂದಿಷ್ಟು ಧೈರ್ಯ ಬಂತು. "ಸ್ವಾಮಿ, ತಪ್ಪಾಯ್ತು," ಎಂದ. "ಅಲ್ಲಿ ಹೆಂಗಸೇ ಇಲ್ಲ. ಆಮ್ಲ ಬಿದ್ದು ಕಲೆ ಆಗಿತ್ತು, ಅದನ್ನ ಮುಚ್ಚಕ್ಕೆ ಬರೆದೆ."

ಪಾದ್ರಿಗಳು ಕನ್ನಡಕ ತೆಗೆದರು. "ಕಲೆ?"

"ಕಲೆ ಸ್ವಾಮಿ."

"ಅಂದ್ರೆ ಮೇಲಿನವರು ಒಂದು ಕಲೆಗೆ ಅಪ್ಪಣೆ ಕೊಟ್ರು ಅಂತೀಯಾ? ಅರಮನೆಯ ಪಂಡಿತರಿಗೆ ಕಲೆ ಯಾವುದು ಆತ್ಮ ಯಾವುದು ಗೊತ್ತಾಗಲ್ಲ ಅಂತೀಯಾ? ನಿಧಾನವಾಗಿ ಹೇಳು, ಬರ್ಕೋತೀನಿ."

ಪಾದ್ರಿಗಳು ಲೇಖನಿ ಮಸಿಗೆ ಅದ್ದುವುದನ್ನು ಫುಲ್ಜೆನ್ಸಿಯೋ ನೋಡಿದ. ಬಂದ ಧೈರ್ಯ ಬಂದ ದಾರಿಯಲ್ಲೇ ಹೋಯಿತು. "ಇಲ್ಲ ಸ್ವಾಮಿ," ಎಂದ. "ಈಗ ನೆನಪಾಯ್ತು. ಹೆಂಗಸು ಇದ್ಲು."

"ತಿಬುರ್ಸಿಯೋ, ನೀನೇನಂತೀಯ?"

"ನಾನು ಚಕ್ರ ತಿರುಗಿಸೋನು ಸ್ವಾಮಿ," ಎಂದೆ.

ದೊಮಿತಿಲ್ಲಾ ತಮ್ಮನ ಕಿವಿಯ ಹತ್ತಿರ ಹೋಗಿ, ಇಡೀ ಗುಡ್ಡಕ್ಕೆ ಕೇಳುವಂತೆ ಪಿಸುಗುಟ್ಟಿದಳು: "ಹೌದು ಅಂದ್ಬಿಡು. ಮದುವೆ ವೆಲ್ಲೆತ್ರೀಲಿ ಆಯ್ತು ಅನ್ನು. ಹೆಣ್ಣು ನಾನು ಹುಡುಕ್ತೀನಿ."

ಲಿಬೋರಿಯೋ ಸುತ್ತಲೂ ನೋಡಿದ. ರೊಟ್ಟಿಯವಳು, ಚಮ್ಮಾರ, ಮೇಯೋ, ಮೇಯೋನ ಅತ್ತೆ. ಅಷ್ಟು ಜನ ಹತ್ತೊಂಬತ್ತು ವರ್ಷದಲ್ಲಿ ಆ ತೋಟಕ್ಕೆ ಅವನಿಗಾಗಿ ಬಂದದ್ದು ಅದೇ ಮೊದಲು. ಇನ್ನೊಂದು ಸುಳ್ಳು ಹೇಳಿದರೆ ಇನ್ನೊಂದಿಷ್ಟು ದಿನ ಇರುತ್ತಾರೆ. ನಿಜ ಹೇಳಿದರೆ ಮಧ್ಯಾಹ್ನದೊಳಗೆ ತೋಟ ಖಾಲಿ. ಅವನು ಕೋಟಿನ ಗುಂಡಿ ಹಾಕಿಕೊಂಡು ಮೇಜಿನ ಹತ್ತಿರ ಹೋದ.

"ಬರ್ಕೊಳ್ಳಿ ಸ್ವಾಮಿ," ಎಂದ. "ಒಂದೇ ಆತ್ಮ."

"ಮತ್ತೆ ಅವಳು?"

"ಅವಳು ಯಾವತ್ತೂ ಇರ್ಲಿಲ್ಲ. ಕ್ಲೇಲಿಯಾನೂ ಇಲ್ಲ, ಲಿವಿಯಾನೂ ಇಲ್ಲ. ಇವರೆಲ್ಲ ನನ್ನ ಕೂರಿಸ್ಕೊಂಡು ಕೇಳಿದ್ರು, ಹಾಗಾಗಿ ಹೇಳಿದೆ. ನಂಗೆ ಯಾರೂ ಇಲ್ಲ ಸ್ವಾಮಿ. ಇದ್ದಿದ್ರೆ ನಾನು ಬಚ್ಚಿಡ್ತಿದ್ನಾ?"

ಯಾರಿಂದಲೂ ಅಲ್ಲಾಡಿಸಲಾಗದ ಮೇಲಿನವರ ಅಪ್ಪಣೆಯನ್ನು ಆ ಕೊನೆಯ ಪ್ರಶ್ನೆ ಅಲ್ಲಾಡಿಸಿತು. ದೋನ್ ಪ್ಲಾಚಿದೋ ಅವನ ಮುಖ ನೋಡಿದರು, ಲೇಖನಿ ಅದ್ದಿದರು, ಬರೆಯುವಾಗ ಗಟ್ಟಿಯಾಗಿ ಓದುವುದು ಅವರ ರೂಢಿ: "ಲಿಬೋರಿಯೋ, ತೋಟದ ಕಾವಲು, ಒಬ್ಬನೇ." ಆ ಚಿತ್ರ ಹಾಗೇ ಮಾರಾಟವಾಗಬಾರದು, ಹೆಂಗಸನ್ನು ತೆಗೆಯಬೇಕು ಎಂದು ಫುಲ್ಜೆನ್ಸಿಯೋಗೆ ಹೇಳಿ, ಪುಸ್ತಕ ಮುಚ್ಚಿ ಹೊರಟರು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರಿಗೆ ಒಲೆಯ ಮೇಲಿಟ್ಟ ಪಾತ್ರೆ ನೆನಪಾಯಿತು, ಇನ್ನೊಬ್ಬರಿಗೆ ಕತ್ತೆಗೆ ಹುಲ್ಲು ಹಾಕಿದ್ದು ಹಾಕದ್ದು ನೆನಪಾಯಿತು. ದೊಮಿತಿಲ್ಲಾ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಹಳ ಹಗುರಾದಳು. "ಹಾಗಾದ್ರೆ ನಮ್ಮೂರಿಗೆ ಬಂದು ನಮ್ಮನೆಗೆ ಬರ್ದೆ ಯಾರೂ ಹೋಗಿಲ್ಲ," ಎಂದಳು. "ಸದ್ಯ. ದೇವರು ದೊಡ್ಡವನು." ಮಧ್ಯಾಹ್ನದ ಗಾಡಿಗೇ ಹೊರಟಳು. ಕೋಳಿ ಅಲ್ಲೇ ಮೊಟ್ಟೆಯಿಡಲು ಶುರುಮಾಡಿದ್ದರಿಂದ ಅದನ್ನು ಜೊತೆಗೆ ತೆಗೆದುಕೊಂಡು ಹೋದಳು.

ಕೊನೆಗೆ ಉಳಿದವರು ಓರ್ಸೋಲಾ, ಮತ್ತು ಸೈಪ್ರೆಸ್ ಮರದ ಮರೆಯಲ್ಲಿ ನಾನು. ಓರ್ಸೋಲಾ ಬುಟ್ಟಿ ಕೆಳಗಿಟ್ಟು, ಒಣಗಿದ ಹಾಸುಗಳನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಎಲ್ಲ ಸುಳ್ಳಾಗಿತ್ತಾ?"

"ಹೂಂ," ಎಂದ ಲಿಬೋರಿಯೋ.

"ಪಾದ ತಣ್ಣಗಾಗತ್ತೆ ಅಂದಿದ್ದು?"

"ಅದು ನಂಗೆ ಆಗತ್ತೆ."

ಓರ್ಸೋಲಾ ನಗಲು ಹೋದಳು, ಆಗಲಿಲ್ಲ. "ಎರಡು ವಾರ ಮುಂಚೆ ಹೇಳ್ಬಾರ್ದಿತ್ತಾ?" ಎಂದಳು. "ಮೇಣದಬತ್ತಿ ಮಾಡೋ ಎವುಸೇಬಿಯೋ ಮದುವೆಗೆ ಕೇಳಿ ಕಳಿಸಿದ್ರು. ಒಪ್ಕೊಂಡೆ. ಚರ್ಚಿನ ಪೂಜೇಲಿ ನಮ್ಮಿಬ್ಬರ ಹೆಸರು ಎರಡು ಸಲ ಕೂಗಿ ಆಗಿದೆ. ಈಸ್ಟರ್ ಕಳೆದ ಮೇಲೆ ಮದುವೆ."

"ಒಳ್ಳೇದಾಯ್ತು," ಎಂದ ಲಿಬೋರಿಯೋ. "ಎವುಸೇಬಿಯೋ ಒಳ್ಳೇ ಮನುಷ್ಯ."

"ಒಳ್ಳೇ ಮನುಷ್ಯ," ಎಂದು ಅವಳೂ ಒಪ್ಪಿದಳು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿದಳು. ಅವಳು ತಿರುವು ದಾಟುವ ತನಕ ಅವನು ನೋಡುತ್ತಿದ್ದ. ಆಮೇಲೆ ಅವನ ಮುಖದಲ್ಲಿ ಏನೋ ಲೆಕ್ಕ ನಡೆಯಿತು: ಎರಡು ವಾರ ಮುಂಚೆ ಎಂದರೆ ಏನು, ತನಗೆ ಯಾಕೆ ಹೇಳಿದಳು. ಅರ್ಥವಾದಾಗ ಅವನು ಅಲ್ಲೇ ದೇವಿಯ ಪೀಠದ ಮೇಲೆ ಕೂತುಬಿಟ್ಟ. ನಾನು ಇನ್ನೊಂದು ಗೇಟಿನಿಂದ ಕೆಳಗಿಳಿದೆ.

ಈಸ್ಟರ್ ಆದ ವಾರ ಫುಲ್ಜೆನ್ಸಿಯೋ ತಗಡು ತಿದ್ದಿದ. ಹೆಂಗಸನ್ನು ಕೆರೆದು, ಉಜ್ಜಿ, ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಮಟ್ಟ ಮಾಡಿದ. ಅವಳಿದ್ದ ಕಡೆ ಒಂದಿಷ್ಟು ಹುಲ್ಲು ಬರೆದ. ಅಲ್ಲಿಗೆ ಅವನಿಗೆ ಬೇಸರ ಬಂತು. ಲಿಬೋರಿಯೋನ ಕೈ ಮೊದಲು ಸೊಂಟದ ಮೇಲಿತ್ತಲ್ಲ, ಹೆಂಗಸಿಗೆ ತೂರಿಸಿಕೊಳ್ಳಲು ಜಾಗ ಬೇಕೆಂದು ಅವನೇ ಅದನ್ನು ಹೊರಕ್ಕೆ ಎಳೆದಿದ್ದ. ಅದನ್ನು ಮತ್ತೆ ಒಳಕ್ಕೆ ತರಲಿಲ್ಲ. ಹೊಸ ಪ್ರತಿ ಒತ್ತಿ ತೆಗೆದು ನೋಡುತ್ತೇನೆ: ದೇವಿ, ಸೈಪ್ರೆಸ್ ಮರ, ಹುಲ್ಲು, ತಂದೆಯ ಕೋಟು ತೊಟ್ಟ ಲಿಬೋರಿಯೋ, ಅವನು ಯಾರಿಗೋ ಎಂದು ಗಾಳಿಯಲ್ಲಿ ಬಾಗಿಸಿ ಹಿಡಿದ ತೋಳು. ಕೊಳ್ಳಲು ಬಂದ ಜರ್ಮನ್ ಸಾಹೇಬರೊಬ್ಬರು ಇವನಿಗೆ ಕೈ ಊನವೇ ಎಂದು ಕೇಳಿದರು. ಹೌದು ಎಂದೆ. ಕಸುಬು ನೋಡಿ.

ಆ ಪ್ರತಿಯನ್ನು ಸುರುಳಿ ಸುತ್ತಿ ನಾನೇ ತೋಟಕ್ಕೆ ಒಯ್ದೆ. ಲಿಬೋರಿಯೋ ಮೇಜಿನ ಮೇಲೆ ಹರಡಿ ನೋಡಿದ.

"ಕೈ ಹಾಗೇ ಉಳಿದುಬಿಟ್ಟಿದೆ," ಎಂದೆ. "ಫುಲ್ಜೆನ್ಸಿಯೋಗೆ ಬೈದು ಸರಿ ಮಾಡಿಸ್ತೀನಿ."

"ಬೇಡ ಬಿಡಿ ಅಣ್ಣ. ಇಷ್ಟು ದಿನ ಒಬ್ರು ಹಿಡ್ಕೊಂಡಿದ್ರಲ್ಲ, ಅದಕ್ಕೆ ಅಭ್ಯಾಸ ಆಗಿದೆ."

ನಗುತ್ತಾನೆಂದು ಕಾದೆ. ನಗಲಿಲ್ಲ. ಚಿತ್ರದ ಮೇಲಿಂದ ಕಣ್ಣು ತೆಗೆಯದೆ, "ಓರ್ಸೋಲಾ ನಿಮ್ಮನ್ನ ಕೇಳಿದ್ರಂತೆ, ಹೌದಾ?" ಎಂದ.

"ಕೇಳಿದ್ಲು."

"ಕ್ರಿಸ್ಮಸ್‌ಗೆ ಮುಂಚೇನೂ ಕೇಳಿದ್ರಂತೆ."

"ಆಗ್ಲೂ ಕೇಳಿದ್ಲು."

"ನೀವು ನಂಗೆ ಹೇಳಿದ್ರೆ ಆಗ್ತಿತ್ತೇನೋ."

"ಆಗ್ತಿತ್ತು," ಎಂದೆ.

ಅವನು ತಲೆಯೆತ್ತಿದ. ನನ್ನ ಕತ್ತಿನ ಪಟ್ಟಿ ಹಿಡಿದು ಗುಡ್ಡದಿಂದ ಕೆಳಕ್ಕೆ ಉರುಳಿಸುವಷ್ಟು ಕೋಪ ಆ ಕಣ್ಣಲ್ಲಿತ್ತು. ನಾನು ಎದ್ದು ನಿಂತೆ, ಹೋಗುವುದೇ ಮರ್ಯಾದೆ ಎಂದು. ಒಲೆಯ ಮೇಲೆ ಕಡಲೆ ಬೇಯುತ್ತಿತ್ತು. ಲಿಬೋರಿಯೋ ಅದರ ಕಡೆ ನೋಡಿದ, ನನ್ನ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ನನ್ನನ್ನು ಓಡಿಸಿದರೆ ಆಮೇಲೆ ಯಾರು?

"ಕೂತ್ಕೊಳ್ಳಿ," ಎಂದ. "ಊಟ ಮಾಡ್ಕೊಂಡು ಹೋಗಿ."